ಶನಿವಾರದ ವಿಟಮಿನ್ ಪುಡಿ

ರೂಪೇಶನ ರಕ್ತದಲ್ಲಿ ಎರಡು ಕೊರತೆಗಳಿವೆ ಎಂದು ಬಂಗಾರಪೇಟೆಯ ಡಾಕ್ಟರು ಹೇಳಿದರು. ಒಂದು ವಿಟಮಿನ್ ಡಿ. ಇನ್ನೊಂದು ಟೆಸ್ಟೋಸ್ಟೆರಾನ್ ಎಂಬ ಗಂಡಸರ ಹಾರ್ಮೋನು. ಮೊದಲನೆಯದಕ್ಕೆ ವಾರಕ್ಕೊಂದರಂತೆ ಎಂಟು ಪೊಟ್ಟಣ ಪುಡಿ ಬರೆದುಕೊಟ್ಟರು. ಅದು ಸರಿಹೋದರೆ ಎರಡನೆಯದೂ ತಾನಾಗಿ ಏರುತ್ತದೆ ಎಂದು ಮೊಬೈಲಿನ ವಿಡಿಯೋದಲ್ಲಿ ಯಾರೋ ಹೇಳಿದ್ದನ್ನು ರೂಪೇಶ ಗಟ್ಟಿಯಾಗಿ ನಂಬಿದ.

ನಂಬದೆ ಅವನಿಗೆ ಬೇರೆ ದಾರಿಯಿರಲಿಲ್ಲ. ಮದುವೆಯಾಗಿ ಆರು ವರ್ಷ. ಬೂದಿಕೋಟೆಯಲ್ಲಿದ್ದ ತಾಯಿ ವೆಂಕಟಲಕ್ಷ್ಮಮ್ಮ, ಮಕ್ಕಳಾಗದ ತಪ್ಪನ್ನೆಲ್ಲ ಸೊಸೆ ಸಿಂಧುವಿನ ತಲೆಗೆ ಕಟ್ಟಿ, ಸೋಮವಾರ ಬಂದರೆ ಫೋನಿನಲ್ಲೇ ಗದರಿಸಿ ಅರಳಿಮರ ಸುತ್ತಿಸುತ್ತಿದ್ದಳು. ಸಿಂಧುವಿನ ರಿಪೋರ್ಟುಗಳಲ್ಲಿ ಯಾವ ದೋಷವೂ ಇರಲಿಲ್ಲ. ಅದನ್ನು ಅಮ್ಮನಿಗೆ ಹೇಳಬೇಕಾದವನು ಅವನೇ. ಬಾಯಿ ಬರಲಿಲ್ಲ. ಹೇಳುವ ಮೊದಲೇ ಎಲ್ಲ ಸರಿಹೋದರೆ ಹೇಳುವ ಪ್ರಸಂಗವೇ ಬರುವುದಿಲ್ಲವಲ್ಲ!

ಕೆಜಿಎಫ್‌ನ ಕಾರ್ಖಾನೆಯಲ್ಲಿ ಅವನದು ಬಣ್ಣ ಹೊಡೆಯುವ ಕೆಲಸ. ಬೆಳಿಗ್ಗೆ ಶೆಡ್ಡಿನೊಳಗೆ ಹೋದರೆ ಸಂಜೆಯೇ ಹೊರಗೆ. ಮೈಗೆ ಬಿಸಿಲು ಬೀಳದೆ ವಿಟಮಿನ್ ಕಡಿಮೆಯಾಯಿತು ಎಂದಾಗ ಜೊತೆಗಾರ ಆರುಮುಗಂ ನಕ್ಕ.

“ನಮ್ ತಾತ ಮೂವತ್ತು ವರ್ಷ ಚಿನ್ನದ ಮೈನಿನೊಳಗೆ ಇದ್ರು ಪಾ. ಬಿಸಿಲೇ ಕಂಡಿಲ್ಲ. ಮಕ್ಳು ಏಳು!”

ರೂಪೇಶನೂ ನಕ್ಕ. ಆ ದಿನ ಊಟ ಸೇರಲಿಲ್ಲ.

ವಾರಕ್ಕೊಮ್ಮೆ ಎಂದಾಗ ಅವನಿಗೆ ಶನಿವಾರವೇ ಹೊಳೆಯಿತು. ಅವರದು ವೆಂಕಟರಮಣಸ್ವಾಮಿಯ ಒಕ್ಕಲು, ಶನಿವಾರ ಒಪ್ಪತ್ತು. ಬೆಳಿಗ್ಗೆ ಸ್ನಾನ ಮಾಡಿ, ನಾಮ ಇಟ್ಟುಕೊಂಡು, ದೇವರ ಪಟದ ಮುಂದೆ ನಿಂತು ಪುಡಿಯನ್ನು ನೀರಿನಲ್ಲಿ ಕುಡಿಯುತ್ತಿದ್ದ. ಸಂಜೆಯವರೆಗೆ ಹೊಟ್ಟೆಗೆ ಬೇರೇನೂ ಇಲ್ಲ. ಎಂಟು ವಾರದಲ್ಲಿ ಒಂದು ಶನಿವಾರವೂ ತಪ್ಪಿಸಲಿಲ್ಲ. ಕೊನೆಗೆ ಪರೀಕ್ಷೆ ಮಾಡಿಸಿದರೆ, ಮೂವತ್ತಾದರೂ ಇರಬೇಕಾದ ವಿಟಮಿನ್ ಒಂಬತ್ತರಿಂದ ಹದಿಮೂರಕ್ಕೆ ಬಂದಿತ್ತು, ಅಷ್ಟೇ.

“ಖಾಲಿ ಹೊಟ್ಟೇಲಿ ತಗೊಂಡ್ರಾ?” ಡಾಕ್ಟರು ಕನ್ನಡಕ ತೆಗೆದರು. “ಊಟ ಆದ್ಮೇಲೆ, ಹಾಲಲ್ಲಿ ತಗೋಬೇಕು. ಜಿಡ್ಡಿನ ಜೊತೆಗಾದ್ರೆ ಮೈಗೆ ಚೆನ್ನಾಗಿ ಹತ್ತುತ್ತೆ.”

“ಔಸ್ದೀನ ತೀರ್ಥ ಮಾಡ್ಬಿಟ್ರಲ್ಲ ನೀವು,” ಎಂದಳು ಜೊತೆಗೆ ಬಂದಿದ್ದ ಸಿಂಧು. ರೂಪೇಶನಿಗೆ ಬೇಸರವಾಗಲಿಲ್ಲ. ತಪ್ಪು ಸಿಕ್ಕಿತಲ್ಲ, ಇನ್ನು ತಿದ್ದಿಕೊಂಡರಾಯಿತು ಎಂದು ಜೀವಕ್ಕೆ ಹಾಯೆನಿಸಿತು.

ಮತ್ತೆ ಎಂಟು ವಾರ. ಈ ಸಲ ಭಾನುವಾರ, ಊಟದ ಮೇಲೆ, ಕೆನೆಹಾಲಿನಲ್ಲಿ. ವಿಟಮಿನ್ ಮೂವತ್ತಾರಕ್ಕೆ ಏರಿತು. ಹಾರ್ಮೋನು ಮಾತ್ರ ಕೂತಲ್ಲೇ ಕೂತಿತ್ತು.

“ವಿಟಮಿನ್ ಪುಡಿ ವಿಟಮಿನ್ ಕೊರತೆಗೆ ಅಷ್ಟೆ. ಇದಕ್ಕೆ ಕಾರಣ ಬೇರೆ ಇರಬೇಕು, ಬೆಂಗಳೂರಲ್ಲಿ ತೋರಿಸಿ,” ಎಂದರು ಡಾಕ್ಟರು. ತಿದ್ದಿಕೊಳ್ಳಲು ಈಗ ಯಾವ ತಪ್ಪೂ ಉಳಿದಿರಲಿಲ್ಲ.

ಮರುದಿನ ಅಮ್ಮನ ಫೋನು. “ಮುಂದಿನ್ವಾರ ನವ್ಯಶ್ರೀ ಸೀಮಂತ. ನೀನೊಬ್ನೇ ಬಾ. ಅವಳು ಬರಾದ್ ಬ್ಯಾಡ.”

ಸ್ವಂತ ತಂಗಿಯ ಸೀಮಂತ. ಸಿಂಧು ಅದಕ್ಕೆಂದೇ ಹಸಿರು ಬಳೆ ತಂದಿಟ್ಟಿದ್ದಳು. ರೂಪೇಶ ಆ ಭಾನುವಾರವೇ ಅವಳನ್ನು ಕರೆದುಕೊಂಡು ಬೂದಿಕೋಟೆಯ ಬಸ್ಸು ಹತ್ತಿದ.

ವೆಂಕಟಲಕ್ಷ್ಮಮ್ಮ ಹಾಲು ಕರೆಯುತ್ತಿದ್ದಳು. ಅವನು ರಿಪೋರ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತ.

“ಅಮ್ಮಾ, ಸಿಂಧುದೇನೂ ತಪ್ಪಿಲ್ಲ. ಕೊರತೆ ಇರಾದು ನನ್ನಲ್ಲಿ. ಇದ್ರಾಗೆ ಬರ್ದವ್ರೆ.”

ಅವಳು ಕಾಗದದತ್ತ ನೋಡಲಿಲ್ಲ. ಮಗನ ಮೀಸೆಯನ್ನು, ತೋಳನ್ನು ನೋಡಿದಳು.

“ಲೇ, ನಿಮ್ಮಪ್ಪನಂಗೆ ಕಲ್ಲುಗುಂಡಿನಂಗಿದ್ದೀಯ. ನಿಂಗೇನ್ಲಾ ಕೊರತೆ? ಎಂಡ್ತಿ ತಪ್ಪ ನಿನ್ ಮ್ಯಾಲೆ ಆಕ್ಕೊಂತೀಯಾ?” ಆಮೇಲೆ ಸೊಸೆಯ ಕಡೆ ತಿರುಗಿದಳು. “ನನ್ ಮಗನ ಬಾಯಾಗೆ ಇಂಥ ಮಾತು ಆಡಿಸ್ತೀಯೇನೇ?”

“ಅವಳಲ್ಲಮ್ಮ, ನಾನೇ...”

ಸಿಂಧು ಅವನ ಅಂಗಿಯ ತೋಳು ಜಗ್ಗಿದಳು.

“ಸಾಕು ಬಿಡಿ. ಇನ್ನೊಂದ್ ಮಾತಾಡಿದ್ರೆ ಅದ್ನೂ ನಾನೇ ಏಳ್ಕೊಟ್ಟೆ ಅಂತಾರೆ.”