ನುಣುಪು ಗೋಡೆ

ಗೋದಾಮಿನಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಲೇಬಲ್ ಎಂದು. ಔಷಧಿ ಬಾಟಲಿಗಳಿಗೆ ಲೇಬಲ್ ಅಂಟಿಸುವುದೇ ಅವನ ಉದ್ಯೋಗ. ಗುಳ್ಳೆ ಏಳದಂತೆ, ಓರೆಯಾಗದಂತೆ ಅಂಟಿಸುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ಅವನಿಗೊಂದು ಜಂಬ. ಜಂಬ ಪಡಲು ಬೇರೇನೂ ಇರಲಿಲ್ಲವಾದ್ದರಿಂದ ಅದನ್ನೇ ಜೋಪಾನ ಮಾಡಿಕೊಂಡಿದ್ದ.

ಮನೆಯಲ್ಲಿ ಅವನು ಮತ್ತು ಅಪ್ಪ, ಇಬ್ಬರೇ. ಅಪ್ಪ ಬಸ್ ಕಂಡಕ್ಟರ್ ಆಗಿದ್ದವರು. ನಿವೃತ್ತಿಯ ನಂತರ ಸಕ್ಕರೆ ಕಾಯಿಲೆ ಎರಡು ಕಣ್ಣನ್ನೂ ತಿಂದುಹಾಕಿತ್ತು. ಆದರೂ ಮಗ ಕೆಲಸಕ್ಕೆ ಹೋದಾಗ ಒಬ್ಬರೇ ಇರುತ್ತಿದ್ದರು. ಮಂಚದಿಂದ ಎದ್ದು, ಎಡಗೈಯನ್ನು ಗೋಡೆಗೆ ತಾಗಿಸಿಕೊಂಡು ಬಚ್ಚಲಿಗೆ ಹೊರಡುವರು. ಹೊರಟರೆಂದರೆ ಹಳೇ ಚಾಳಿ ಶುರು.

"ಮಾರ್ಕೆಟ್! ಬಾಗ್ಲಲ್ಲಿ ನಿಲ್ಬೇಡ್ರಿ, ಒಳಗೆ ನಡೀರಿ... ಆಸ್ಪತ್ರೆ! ಆಸ್ಪತ್ರೆ!... ಲಾಸ್ಟ್ ಸ್ಟಾಪ್, ಇಳೀರಿ, ಮೆಟ್ಲು ನೋಡ್ಕೊಂಡು!"

"ನಂಗೂ ಒಂದು ಟಿಕೆಟ್ ಕೊಡಪ್ಪಾ," ಎಂದು ಮನೆಯಲ್ಲಿದ್ದಾಗ ಲೇಬಲ್ ಕೂಗುವನು.

"ಚಿಲ್ಲರೆ ಇದ್ರೆ ಹತ್ತು, ಇಲ್ದಿದ್ರೆ ನಡ್ಕೊಂಡ್ ಬಾ."

ಲೇಬಲ್ ನಗುತ್ತಿದ್ದ. ಮುದುಕರ ಹುಡುಗಾಟ ಎಂದುಕೊಂಡಿದ್ದ.

ನಗದಿದ್ದವಳು ಅಕ್ಕ. ಕಳೆದ ಸಲ ಬಂದಾಗ ಕೋಣೆಯ ಗೋಡೆಯನ್ನು ನೋಡಿ ಸೊಂಟಕ್ಕೆ ಕೈ ಇಟ್ಟು ನಿಂತಳು. ಅಪ್ಪನ ಕೈ ಸವರಿ ಸವರಿ ಮಂಚದಿಂದ ಬಚ್ಚಲಿನವರೆಗೆ ಎಣ್ಣೆಗಪ್ಪಿನ ಪಟ್ಟಿಯೊಂದು ಮೂಡಿತ್ತು.

"ಇದೇನು ಮನೆಯೋ, ಗ್ಯಾರೇಜೋ? ನಿನ್ನನ್ನ ನೀನೇ ನೋಡ್ಕೊಳ್ಳೋಕಾಗಲ್ಲ, ಅಪ್ಪನ್ನ ಏನ್ ನೋಡ್ಕೋತೀಯೋ? ಇನ್ನೊಂದ್ಸಲ ಹೀಗೇ ಕಂಡ್ರೆ ಅಪ್ಪನ್ನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ, ಅಷ್ಟೇ."

ಅವಳು ಹೋದ ಮೇಲೆ ಅಪ್ಪ ಗೋಡೆ ಸವರಿಕೊಂಡು ಬಂದು ಮಂಚದಲ್ಲಿ ಕೂತರು. "ಅವಳ ಮನೇಲಿ ನಾನು ಪಾರ್ಸೆಲ್ಲು ಕಣೋ. ಇಟ್ಟ ಕಡೆ ಇರ್ಬೇಕು," ಎಂದರು.

ಅಷ್ಟು ಸಾಕಾಯಿತು. ಲೇಬಲ್ ರಜೆ ಹಾಕಿ ಬಣ್ಣದಂಗಡಿಗೆ ಹೋದ.

"ಪೇಂಟರ್ ಕಳಿಸ್ಲಾ?" ಎಂದ ಅಂಗಡಿಯವನು.

"ಬೇಡ, ನಾನೇ ಹೊಡೀತೀನಿ."

ಅಂಗಡಿಯವನು ಅವನ ಇಸ್ತ್ರಿ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದ. "ಅಂಗಿ ಯಾವ ಬಣ್ಣ ಆಗ್ಬೇಕು ಅಂತ ಮೊದ್ಲು ಹೇಳಿ."

ಅಪ್ಪನ ಮಂಚ ಹೊರಗಿನ ಕೋಣೆಗೆ ಬಂತು. ಗೋಡೆ ಹಸಿ ಇರುವಷ್ಟು ದಿನ ಮಗನೇ ಕೈ ಹಿಡಿದು ಬಚ್ಚಲಿಗೆ ಕರೆದೊಯ್ದ. ಉಳಿದ ಹೊತ್ತೆಲ್ಲ ಗೋಡೆಯ ಜೊತೆ ಗುದ್ದಾಟ. ಬಣ್ಣ ಬಳಿದ ದಿನ ಗೋಡೆಗಿಂತ ಹೆಚ್ಚು ಬಣ್ಣ ಅವನ ತಲೆಗೇ ಬಿತ್ತು. ಆದರೆ ಗೋಡೆ ಸಮ ಮಾಡುವ ಪುಟ್ಟಿ ಹಚ್ಚುವುದು ಮಾತ್ರ ಕೈಗೆ ಒಗ್ಗಿತು; ಅದು ಲೇಬಲ್ ಅಂಟಿಸುವ ಕೆಲಸದ ಅಣ್ಣ. ಕಪ್ಪು ಪಟ್ಟಿಯನ್ನು ಕೆರೆದು ತೆಗೆದ. ಕಿಟಕಿಯ ಕೆಳಗೆ ಬೆರಳು ಹೋಗುವಷ್ಟು ಬಿರುಕು, ಮುಚ್ಚಿದ. ಅದರಾಚೆ ಸೊಟ್ಟ ಮೊಳೆಯೊಂದು ಬೆನ್ನು ಬಗ್ಗಿಸಿ ನಿಂತಿತ್ತು, ಕಿತ್ತ. ಬಚ್ಚಲಿನ ಮೆಟ್ಟಿಲಿಗೆ ಸ್ವಲ್ಪ ಮೊದಲು ಗಾರೆ ಬೋಂಡದಂತೆ ಉಬ್ಬಿತ್ತು, ಬಡಿದು ಸಮ ಮಾಡಿದ. ಆಮೇಲೆ ಸ್ಯಾಂಡ್‌ಪೇಪರ್ ಹಿಡಿದು ತೋಳು ಬಿದ್ದುಹೋಗುವಂತೆ ಉಜ್ಜಿದ.

"ಏನೋ ಅಷ್ಟು ಉಜ್ತಿದ್ದೀಯ?" ಹೊರಗಿನಿಂದ ಅಪ್ಪ ಕೇಳಿದರು.

"ಕನ್ನಡಿ ಥರ ಮಾಡ್ತೀನಿ, ನೋಡ್ತಿರು."

"ನೋಡ್ತೀನಪ್ಪ, ನೋಡ್ತೀನಿ," ಎಂದು ಅಪ್ಪ ನಕ್ಕರು.

ಮಂಚ ಒಳಗೆ ಬಂದ ದಿನವೇ ಅಕ್ಕನೂ ಬಂದಳು. ತಿಳಿಹಳದಿ ಗೋಡೆ ನೋಡಿ ಅವಳ ಮುಖ ಸಡಿಲವಾಯಿತು. "ನೀನೇ ಮಾಡಿದ್ಯಾ? ನಿಜ ಹೇಳೋ." ಲೇಬಲ್ ಉಬ್ಬಿದ. ಅಪ್ಪನಿಗೂ ಹುರುಪು ಬಂತು. "ಕೂತ್ಕೊಳ್ಳಮ್ಮ ನೀನು. ನಾನು ಯಾರ ಕೈಯೂ ಇಲ್ದೆ ಹೋಗಿ ಬರ್ತೀನಿ, ನೋಡು," ಎಂದು ಎದ್ದರು.

ಎಡಗೈ ಗೋಡೆಯ ಮೇಲೆ ಜಾರಿತು. ಕಿಟಕಿ ದಾಟಿತು. ಮಾರ್ಕೆಟ್ ಬರಲಿಲ್ಲ. ಅಪ್ಪ ನಿಂತು, ಅಂಗೈಯನ್ನು ಮೇಲೆ ಕೆಳಗೆ ಆಡಿಸಿ, ಇನ್ನೂ ಮುಂದಿರಬೇಕು ಎಂಬಂತೆ ನಡೆದರು. ಆಸ್ಪತ್ರೆಯೂ ಬರಲಿಲ್ಲ. ಆಗ ಲೇಬಲ್‌ಗೆ ಮುಚ್ಚಿದ ಬಿರುಕು, ಕಿತ್ತ ಮೊಳೆ ನೆನಪಾದವು. "ಅಪ್ಪಾ, ನಿಲ್ಲು!" ಎನ್ನುವಷ್ಟರಲ್ಲಿ ಅಪ್ಪನ ಕಾಲು ಮೆಟ್ಟಿಲಿನ ಆಚೆ ಇತ್ತು.

ಮೂಳೆ ಮುರಿಯಲಿಲ್ಲ. ಮಂಡಿ ತರಚಿ ರಕ್ತ ಬಂತು. ಓಡುವ ಬಸ್ಸಿನಲ್ಲೂ ಎಂದೂ ಬೀಳದಿದ್ದ ಮನುಷ್ಯ ಬಚ್ಚಲಿನ ನೆಲದಲ್ಲಿ ಕೂತು, ಮಗನ ಕಿವಿಗಷ್ಟೇ ಕೇಳುವಂತೆ, "ಸ್ಟಾಪೆಲ್ಲ ಎತ್ತಿಬಿಟ್ಯಾ ಮಗಾ?" ಎಂದರು. ಅಕ್ಕ ಓಡಿ ಬಂದಾಗ ಮಾತ್ರ, "ಏನಿಲ್ಲಮ್ಮ, ವಯಸ್ಸಾಯ್ತು, ಅಂದಾಜು ತಪ್ತು," ಎಂದುಬಿಟ್ಟರು.

"ಅಪ್ಪಂದು ತಪ್ಪಿಲ್ಲ ಅಕ್ಕ, ಎಲ್ಲ ನಾನೇ ಮಾಡಿದ್ದು," ಎಂದು ಲೇಬಲ್ ಬಿರುಕು, ಮೊಳೆ, ಉಬ್ಬಿನ ಕಥೆ ಹೇಳಿದ.

ಅಕ್ಕ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಸರಿ, ನಾಳೆ ನೀನು ಕೆಲಸಕ್ಕೆ ಹೋದಾಗ ಮತ್ತೆ ಬಿದ್ರೆ?" ಎಂದಳು. ಸಂಜೆ ಆಟೋ ಬಂತು. ಅಪ್ಪ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತರು, ಥೇಟ್ ಪಾರ್ಸೆಲ್ಲು.

ಅವರು ಹೋದದ್ದೇ ಲೇಬಲ್ ಸುತ್ತಿಗೆ, ಮೊಳೆ ಹಿಡಿದು ಕೋಣೆಗೆ ಬಂದ. ಕಣ್ಣು ಮುಚ್ಚಿ, ಎಡಗೈ ಗೋಡೆಗಿಟ್ಟು ನಡೆದ. ಎಲ್ಲೂ ಏನೂ ತಾಗಲಿಲ್ಲ. ರಾತ್ರಿ ಅಕ್ಕನ ಮನೆಗೆ ಫೋನ್ ಮಾಡಿದ.

"ಅಪ್ಪಾ, ಆಸ್ಪತ್ರೆ ಎಲ್ಲಿತ್ತು, ಹೇಳು. ಇವತ್ತೇ ಮೊಳೆ ಹೊಡೀತೀನಿ."

ಆ ಕಡೆ ಟಿವಿ ಜೋರಾಗಿ ಓಡುತ್ತಿತ್ತು.

"ಬಿಡು ಮಗಾ. ಕೈಗೆ ಗೊತ್ತಿತ್ತು, ನಂಗೆಲ್ಲಿ ಗೊತ್ತು?" ಎಂದರು ಅಪ್ಪ. "ಊಟ ಮಾಡಿದ್ಯಾ?"

"ಹೂಂ," ಎಂದು ಸುಳ್ಳು ಹೇಳಿದ. ಫೋನಿಟ್ಟು ಮತ್ತೊಮ್ಮೆ ಗೋಡೆಯುದ್ದಕ್ಕೂ ಕೈಯಾಡಿಸಿದ. ಹುಟ್ಟಿದ ಮೇಲೆ ಮೊದಲ ಸಲ, ಹುಡುಕಿದರೂ ಒಂದು ಕೊರತೆ ಸಿಗದಂಥ ಕೆಲಸ ಮಾಡಿದ್ದ.