ಮೊದಲ ತುಂಡಿನ ತಾಯಣ್ಣ
ತಾಯಣ್ಣನ ಅಜ್ಜ ಹಲಗೆ ಬಾರಿಸಿದರೆ ದೇವದುರ್ಗದ ಸಂತೆಯೇ ತೆಪ್ಪಗಾಗುತ್ತಿತ್ತು. ಅಪ್ಪ ಕೂಗಿದರೆ ಮಾನ್ವಿಯ ಅಕ್ಕಿ ಮಿಲ್ಲಿನ ಸದ್ದು ಅಡಗುತ್ತಿತ್ತು. ಇವನು ಮಾನ್ವಿಯಲ್ಲಿ ಕ್ರೂಸರ್ ಗಾಡಿಗಳಿಗೆ ಜನರನ್ನು ಕರೆಯುತ್ತಾನೆ. ಊರ ಹೆಸರು ಕೂಡುಪದವಾಗಿದ್ದರೆ ಕಟ್ಟಿಗೆಯಂತೆ ಸೀಳಿ, ಮೊದಲ ತುಂಡಿನ ಮೇಲೆ ಭಾರ ಹಾಕಿ ಕೂತುಬಿಡುತ್ತಾನೆ. "ದೇವ…" ಎಂದಾಗ ಮುದುಕಿಯರು ಕೈ ಮುಗಿಯುತ್ತಾರೆ. "…ದುರ್ಗ" ಬರುವಷ್ಟರಲ್ಲಿ ಗಾಡಿ ತುಂಬಿರುತ್ತದೆ. ನರ್ಸ್ ಕೆಲಸಕ್ಕೆಂದು ನಾರ್ವೆ ಭಾಷೆ ಕಲಿಯುತ್ತಿರುವ ಅಕ್ಕನ ಮಗಳು ಮೌನೇಶ್ವರಿ, "ಅವರೂ ಕೂಡುಪದದಾಗ ಮೊದಲ ತುಂಡನ್ನೇ ಒತ್ತಿ ಅಂತಾರ, ಮಾಮಾ" ಎಂದಾಗಿನಿಂದ, "ಹಂಗಾದ್ರ ಅಲ್ಲಿ ನಾನೇ ಮಾಸ್ತರ" ಎಂದು ಮೀಸೆ ತಿರುವುತ್ತಾನೆ. ಮಾತು ಉಗ್ಗುವ ಅವನಿಗೆ ಶಾಲೆಯಲ್ಲಿ ತನ್ನ ಹೆಸರನ್ನೂ ಮುಗಿಸಲು ಯಾರೂ ಬಿಟ್ಟಿರಲಿಲ್ಲ. ಮೊನ್ನೆ ಅವನು "ರಾಯ…" ಎಂದು ನಿಂತಾಗ, ಡ್ರೈವರ್ ಪಾಪವೆಂದು "ಚೂರು" ಅನ್ನಲು ಬಾಯಿ ತೆರೆದ. ತಾಯಣ್ಣ ಕೈ ಅಡ್ಡ ಹಿಡಿದ: "ಬಿಡಪಾ, ಆ ಚೂರು ನಂದು. ತಡ ಆದ್ರೂ ನಾನೇ ಅಂತೀನಿ."