ದೊಡ್ಡ ಟೈರಿಗೆ ಚನ್ನಪ್ಪನ ಪರೀಕ್ಷೆ

ಅರಸೀಕೆರೆಯಲ್ಲಿ ಟೈರ್ ಅಂಗಡಿ ಇಟ್ಟಿರುವ ಚನ್ನಪ್ಪ, ಎತ್ತರಿಸಿದ ವ್ಯಾನಿಗೆ ದೊಡ್ಡ ಟೈರ್ ಹಾಕಿ ಸುಮ್ಮನೆ ಕಳಿಸುವವನಲ್ಲ. ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಮಡ್‌ಗಾರ್ಡಿಗೆ ಕಿವಿಗೊಟ್ಟು, "ಟೈರು ಉಜ್ತೈತೆ ಕಣ್ರೀ" ಎನ್ನುತ್ತಾನೆ. ಉಜ್ಜದಿದ್ದರೂ ಒಪ್ಪುವುದಿಲ್ಲ, "ಮನೆಯೋರ್ನೆಲ್ಲ ಕೂರಿಸ್ಕಂಡು ಬನ್ನಿ, ಭಾರ ಬಿದ್ಮೇಲೆ ನೋಡಾನ" ಎನ್ನುತ್ತಾನೆ. ಹೊಸದಾಗಿ ಮದುವೆಯಾದವನೊಬ್ಬ ಮಾವನ ಮನೆಯವರನ್ನೂ ತುಂಬಿಕೊಂಡು ಬಂದದ್ದುಂಟು. ಮೊನ್ನೆ ಬೇಲೂರಿನ ರಘುರಾಮ್ ಮೇಷ್ಟ್ರು ತಮ್ಮ ಫೋರ್ ವೀಲ್ ಡ್ರೈವ್ ವ್ಯಾನಿಗೆ ದೊಡ್ಡ ಟೈರ್ ಹಾಕಿಸಿದರು. ಪರೀಕ್ಷೆಗೆಂದು ತಾಯಿ ಕೋಮಲವಲ್ಲಿಯವರನ್ನೂ ಕರೆತಂದಿದ್ದರು. ಹಳೆಯ ಟೈರಿದ್ದಾಗ ವ್ಯಾನನ್ನು ಹೇಗೋ ಹತ್ತುತ್ತಿದ್ದ ಅವರು ಈಗ ಮೂರು ಸಲ ಕಾಲೆತ್ತಿದರೂ ಹತ್ತಲಾಗಲಿಲ್ಲ. "ಗಾಡಿ ಚೆನ್ನಾಗಿದೆ ಕಣೋ. ಮಾಲೇಕಲ್ಲು ಬೆಟ್ಟದ ದೇವಸ್ಥಾನಕ್ಕೆ ನೀವೆಲ್ಲ ಹೋಗ್ಬನ್ನಿ" ಎಂದು ನಕ್ಕರು. ಚನ್ನಪ್ಪ ಹಳೆಯ ಟೈರುಗಳನ್ನು ಉರುಳಿಸಿ ತಂದ. ಮೇಷ್ಟ್ರು ಅಂಗಿಯ ತೋಳು ಮಡಚಿ, ತಾವೇ ಜಾಕಿ ಎತ್ತಿಕೊಂಡರು.